ನಿಯಮದ ಹೊರಗಣ ವೈದ್ಯಾಧಿಕಾರಿಗಳು

ರಾಜಸೇವೆಗೆ ನಿಯಮಗಳು ಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಪ್ರಜೆಗಳ ಆರೋಗ್ಯವನ್ನು ಕಾಯತಕ್ಕ ಹಿರಿಯ ವೈದ್ಯಾಧಿಕಾರಿಗಳನ್ನು ಗುಮಾಸ್ತರಿಗೆ ವಿಧಿಸಿದ ನಿಯಮಗಳಿಂದಲೇ ಕಟ್ಟಬೇಕೋ, ಅವರಿಗೆ ವಿನಾಯಿತಿಯನ್ನು ಕೊಡಬೇಕೋ ಎಂಬುದು ಸುಲಭವಾಗಿ ತೀರುವ ಪ್ರಶ್ನೆಯಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇತಿಹಾಸದಲ್ಲಿ ಈ ವಿನಾಯಿತಿಯ ಗುಣವೂ ದೋಷವೂ ಸ್ಪಷ್ಟವಾಗಿ ಕಾಣಬರುತ್ತವೆ.

ಆ ದೇಶದಲ್ಲಿ 1798ನೆಯ ಇಸವಿಯ ಶಾಸನವೊಂದರಂತೆ ನಾವಿಕರ ಸಂಬಳದಿಂದ ತಿಂಗಳಿಗೆ 20 ಸೆಂಟುಗಳನ್ನು ಹಿಡಿದು, ಆ ಹಣದಿಂದ ಅವರಿಗೆ ಚಿಕಿತ್ಸೆಯನ್ನು ಒದಗಿಸುವ ಪದ್ಧತಿಯು ಆರಂಭವಾಯಿತು. ರೇವುಪಟ್ಟಣಗಳಲ್ಲಿ ಆಸ್ಪತ್ರೆಗಳು ಹುಟ್ಟಿದುವು. ಆದರೆ ಅಲ್ಲಿಯ ವೈದ್ಯಪದವಿಗಳು ವಿದ್ಯೆಗಿಂತ ಹೆಚ್ಚಾಗಿ ರಾಜಕೀಯ ಪಕ್ಷಗಳ ಅನುಗ್ರಹದಿಂದ ದೊರೆಯುತ್ತಿದ್ದುವು. 1871ರಲ್ಲಿ ಈ ಆಸ್ಪತ್ರೆಗಳ ಮೇಲ್ವಿಚಾರಣೆಗೆ ಬಂದ ಜಾನ್ ವುಡ್‌ವರ್ತ್ ಎಂಬಾತನು ಅಂತರ್ಯುದ್ಧದಲ್ಲಿ ಸೇನಾವೈದ್ಯನಾಗಿದ್ದವನು. ಆತನು ಸೈನ್ಯದ ಮಾದರಿಯನ್ನು ಇಲ್ಲಿಗೂ ತಂದನು. ವೈದ್ಯರಿಗೆ ಪರೀಕ್ಷೆಯನ್ನೂ ಸಮವಸ್ತ್ರವನ್ನೂ ಗೊತ್ತುಮಾಡಿದನು. ಒಂದು ಆಸ್ಪತ್ರೆಗೆಂದು ನೇಮಿಸುವುದನ್ನು ಬಿಟ್ಟು, ಎಲ್ಲಿಗೆ ಬೇಕಾದರೂ ಕಳುಹಿಸಬಹುದಾದಂತೆ ಒಟ್ಟು ಇಲಾಖೆಗೇ ನೇಮಿಸುವ ಕ್ರಮವನ್ನು ಹಾಕಿದನು.

1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡನು ಉದ್ಯೋಗ ದೊರೆಯದೆ ನಿರಾಶನಾದವನೊಬ್ಬನ ಗುಂಡಿಗೆ ಬಲಿಯಾದನು. ಆ ದುರಂತದಿಂದ ಜನಾಭಿಪ್ರಾಯವು ಕೆರಳಿ, 1883ರ ಜನವರಿಯಲ್ಲಿ ಪೆಂಡಲ್‌ಟನ್ ಶಾಸನವು ಜಾರಿಗೆ ಬಂದಿತು. ಸರಕಾರದ ಕೆಲವು ವರ್ಗದ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯೇ ದ್ವಾರವೆಂದಾಯಿತು. ಆದರೆ ಸೆನೆಟ್ ಸಭೆಯ ಸಮ್ಮತಿಯನ್ನು ಪಡೆದು ಅಧ್ಯಕ್ಷನು ನೇಮಿಸುವವರನ್ನು ಅದೇ ಶಾಸನವು ಈ ನಿಯಮದ ಹೊರಗಿಟ್ಟಿತು. 1889ರ ಜನವರಿ 4ರ ಶಾಸನವು ನಾವಿಕಾಸ್ಪತ್ರೆಗಳ ವೈದ್ಯಾಧಿಕಾರಿಗಳ ನೇಮಕವನ್ನು ಈ ರೀತಿಗೆ ಸೇರಿಸಿತು. ಹೀಗೆ ಅವರು ಸಾಮಾನ್ಯ ನಿಯಮದಿಂದ ಮುಕ್ತರಾದರು. ಆದರೆ ಇದು ಸ್ವೇಚ್ಛೆಯಾಗಲಿಲ್ಲ. ವೈದ್ಯಶಾಸ್ತ್ರದಲ್ಲಿಯೂ ಶಸ್ತ್ರಚಿಕಿತ್ಸೆಯಲ್ಲಿಯೂ ಆರೋಗ್ಯಶಾಸ್ತ್ರದಲ್ಲಿಯೂ ವೈದ್ಯಮಂಡಲಿಯ ಮುಂದೆ ಪರೀಕ್ಷೆಯನ್ನು ಕೊಟ್ಟಲ್ಲದೆ ಯಾರೂ ಪ್ರವೇಶಿಸುವಂತಿರಲಿಲ್ಲ. ವೈದ್ಯನ ವಿದ್ಯೆಯನ್ನು ವೈದ್ಯರೇ ಅಳೆಯಬೇಕೆಂಬುದು ಯುಕ್ತವೇ ಸರಿ.

ಪ್ರವೇಶದ ಪ್ರಶ್ನೆಯು ಹೀಗೆ ಇತ್ಯರ್ಥವಾಯಿತು. ಅಪ್ರಿಯವಾದ ಸತ್ಯವನ್ನು ನುಡಿದವನನ್ನು ಕಾಯುವವರಾರು ಎಂಬ ಪ್ರಶ್ನೆ ಮಾತ್ರ ಉಳಿಯಿತು. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು, ಹೀಗೆ ಸಂಚರಿಸಿದ ಪ್ಲೇಗಿನ ಮಾರಿಯು 1900ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿಯೂ ತಲೆದೋರಿತು. ಮಾರ್ಚಿಯಲ್ಲಿ ಚೀನೀಯರ ಕೇರಿಯಲ್ಲಿ ಒಬ್ಬನು ಮೃತನಾಗಲು, ಕ್ವಾರಂಟೀನ್ ಅಧಿಕಾರಿಯಾಗಿದ್ದ ಜೋಸೆಫ್ ಕಿನ್ಯೂನನು ರೋಗಾಣುಗಳನ್ನು ಪರೀಕ್ಷಿಸಿ ಅದು ಪ್ಲೇಗೆಂದು ಸಾರಿದನು. ವರ್ತಕರು ವ್ಯಾಪಾರ ಕೆಡುವುದೆಂದು ಕಂಗೆಟ್ಟರು. ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜನು ಪ್ಲೇಗೇ ಇಲ್ಲವೆಂದು ವಾದಿಸಿದನು.

ಕಿನ್ಯೂನನ ನಡೆಯೆಲ್ಲವೂ ನಿರ್ದೋಷವಾದುದೆಂದು ಹೇಳಲಾಗದು. ಚೀನೀಯರನ್ನೂ ಇತರ ಏಷ್ಯಾದವರನ್ನೂ ಪ್ರತ್ಯೇಕಿಸಿ, ಚುಚ್ಚುಮದ್ದನ್ನು ಹಾಕಿಸಿಕೊಳ್ಳದೆ ಅವರು ಊರು ಬಿಡಕೂಡದೆಂದು ವಿಧಿಸಿದ ಕ್ರಮವನ್ನು ನ್ಯಾಯಾಲಯವು ಅದೇ ವರ್ಷ ತಳ್ಳಿಹಾಕಿತು. ಅಧಿಕಾರಿಯನ್ನು ನ್ಯಾಯದಿಂದಲೂ ಮುಕ್ತಗೊಳಿಸಲಾಗದೆಂಬುದಕ್ಕೆ ಇದು ನಿದರ್ಶನ. ಆದರೆ ರೋಗದ ವಿಷಯದಲ್ಲಿ ಆತನ ಮಾತೇ ದಿಟವಾಗಿದ್ದಿತು. 1901ರಲ್ಲಿ ಫ್ಲೆಕ್ಸ್‌ನರ್, ಬಾರ್ಕರ್, ನೋವಿ ಎಂಬ ಮೂವರು ವಿದ್ವಾಂಸರ ಸಮಿತಿಯು ಬಂದು ಪ್ಲೇಗಿರುವುದನ್ನು ಸ್ಥಿರಪಡಿಸಿತು. ಸತ್ಯವು ಗೆದ್ದರೂ ಅದನ್ನು ನುಡಿದವನು ಉಳಿಯಲಿಲ್ಲ. ಅದೇ ವರ್ಷ ಕಿನ್ಯೂನನಿಗೆ ದೂರದ ಡೆಟ್ರಾಯಿಟಿಗೆ ವರ್ಗವಾಯಿತು. 1902ರಲ್ಲಿ ಆತನು ಕೆಲಸವನ್ನೇ ಬಿಟ್ಟನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ವೈದ್ಯನು ಒಂದು ಊರಿಗೆ ಅಂಟಿಕೊಂಡು ಅಲ್ಲಿಯ ಪ್ರಮುಖರ ಕೈಗೊಂಬೆಯಾಗಬಾರದೆಂದು ವುಡ್‌ವರ್ತನು ಮಾಡಿದ ಏರ್ಪಾಡಿನಿಂದಲೇ, ಊರ ಪ್ರಮುಖರಿಗೆ ಬೇಡವಾದ ವೈದ್ಯನನ್ನು ಸದ್ದಿಲ್ಲದೆ ಸಾಗಿಸುವುದು ಸಾಧ್ಯವಾಯಿತು. 1912ರಲ್ಲಿ, ಸೇವೆಯ ಹಿತಕ್ಕೆ ಸಾಧಕವಾದ ಕಾರಣವಿಲ್ಲದೆ ಸರಕಾರದ ನಿಯತ ನೌಕರರನ್ನು ತೆಗೆಯಕೂಡದೆಂದು ಲಾಯ್ಡ್-ಲಾ ಫಾಲೆಟ್ ಶಾಸನವು ವಿಧಿಸಿತು. ಗುಮಾಸ್ತನಿಗೆ ಈ ಕವಚವು ದೊರೆತರೂ ಅಧ್ಯಕ್ಷನು ನೇಮಿಸಿದ ಹಿರಿಯರು ಅದರ ಹೊರಗೇ ಇದ್ದರು.

ಈ ವಿವಾದವು ಹಳೆಯದಾದರೂ ಮುಗಿದಿಲ್ಲ. ಕಾರ್ಯನೀತಿಯನ್ನು ರೂಪಿಸುವ ನೌಕರರನ್ನು ಈ ರಕ್ಷಣೆಯಿಂದ ಹೊರಗಿಡಲು 2020ರ ಅಕ್ಟೋಬರಿನಲ್ಲಿ ಅಮೆರಿಕಾದಲ್ಲಿ ಅಧ್ಯಕ್ಷನ ಆಜ್ಞೆಯೊಂದು ಹೊರಟಿತು. 2021ರ ಜನವರಿಯಲ್ಲಿ ರದ್ದಾಯಿತು. 2025ರ ಜನವರಿಯಲ್ಲಿ ಕೆಲವು ತಿದ್ದುಪಡಿಗಳೊಡನೆ ಪುನರುಜ್ಜೀವಿತವಾಯಿತು.

ವೈದ್ಯನು ಪ್ರಿಯವನ್ನೇ ನುಡಿಯತೊಡಗಿದರೆ ಅರಸನ ದೇಹಕ್ಕೆ ಕೇಡೆಂದು ನಮ್ಮ ನೀತಿಶಾಸ್ತ್ರಕಾರರು ಎಂದೋ ಎಚ್ಚರಿಸಿದ್ದಾರೆ. ಪ್ರಜಾರಾಜ್ಯದಲ್ಲಿ ಪ್ರಜೆಗಳೇ ಅರಸರು, ಕೇಡೂ ಅವರದೇ. ಹಿರಿಯ ವೈದ್ಯಾಧಿಕಾರಿಯನ್ನು ಆರಿಸುವಾಗ ಸಾಮಾನ್ಯ ನಿಯಮವನ್ನು ಸಡಿಲಿಸಿದರೆ ಹಾನಿಯಿಲ್ಲ, ಅದಕ್ಕಿಂತ ಕಠಿನವಾದ ವಿದ್ಯಾಪರೀಕ್ಷೆಯು ಅದರ ಸ್ಥಾನದಲ್ಲಿದ್ದರೆ ಸಾಕು. ಆದರೆ ಆತನನ್ನು ತೆಗೆಯುವಾಗಲೂ ಸಾಗಿಸುವಾಗಲೂ ನಿಯಮವು ಸಡಿಲವಾದರೆ, ಊರಿಗೆ ರೋಗ ಬಂದಿದೆಯೆಂದು ಹೇಳುವ ಧೈರ್ಯವು ಯಾರಿಗೂ ಉಳಿಯಲಾರದು.