ಹಳೇ ಜೀಪು, ಹೊಸ ಟೈರು: ಒಂದು ಬದಲಿಸಿದರೆ ಹತ್ತು ಬದಲಿಸಬೇಕು

ಹಳೇ ಜೀಪಿನ ಟೈರಿನ ಮಗ್ಗುಲಿನ ಕೆಸರು ಒರೆಸಿ ನೋಡಿ. 6.00-16 ಎಂಬ ಅಂಕಿ ಕಾಣುತ್ತದೆ. ಟೈರಿನ ಅಗಲ ಸುಮಾರು 6 ಇಂಚು, ಅದು ಕೂರುವ ಡಿಸ್ಕಿನ ಅಡ್ಡಳತೆ 16 ಇಂಚು ಎಂದು ಅರ್ಥ. ಎರಡನೇ ಮಹಾಯುದ್ಧದ ಜೀಪಿಗೆ ಇದ್ದದ್ದೂ ಇದೇ ಅಳತೆ. ಆಮೇಲೆ ಎಂಜಿನ್ ಬದಲಾಯಿತು, ಗೇರ್ ಬಾಕ್ಸ್ ಬದಲಾಯಿತು, ತಯಾರಿಸುವ ಕಂಪನಿಯೂ ದೇಶವೂ ಬದಲಾದವು. ಮಲೆನಾಡಿನ ಎಷ್ಟೋ ಜೀಪುಗಳಲ್ಲಿ ಈ ಅಂಕಿ ಮಾತ್ರ ಹಾಗೇ ಉಳಿದಿದೆ.

ಈಗ ಅದರ ಸರದಿ. ಫೋನಿನಲ್ಲಿ ವಿಡಿಯೊ ನೋಡಿದ ಹುಡುಗರು ಅಪ್ಪನ ಕಾಲದ ಜೀಪಿಗೆ ದಪ್ಪ ಟೈರು ಹಾಕಿಸಲು ಪೇಟೆಗೆ ಹೊರಡುತ್ತಾರೆ. ಅವರ ಉತ್ಸಾಹದ ಮೇಲೆ ನಮಗೇನೂ ಮುನಿಸಿಲ್ಲ. ಆದರೆ ಬಸ್ಸು ಬಾರದ ಊರಿನಲ್ಲಿ ಗೊಬ್ಬರದ ಚೀಲ, ತೋಟದ ಆಳುಗಳು, ಶಾಲೆಯ ಮಕ್ಕಳು, ನಡುರಾತ್ರಿ ಹೆರಿಗೆ ನೋವು ಬಂದ ಹೆಂಗಸು, ಎಲ್ಲರೂ ಇಳಿಯುವುದು ಅದೇ ಜೀಪಿನಲ್ಲಿ. ಅಂಥ ಕಡೆ ಟೈರು ಶೋಕಿಯ ವಿಷಯವಲ್ಲ. ಹಾಗಾಗಿ ಜೀಪು ಇದುವರೆಗೆ ಹೇಗೆ ಬದಲಾಗುತ್ತ ಬಂತು ಎಂದು ಮೊದಲು ನೋಡೋಣ.

1940ರಲ್ಲಿ ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ತುರ್ತಾಗಿ ಬೇಕಿತ್ತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮೊದಲ ಗಾಡಿಯನ್ನು ತಂದು ನಿಲ್ಲಿಸಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಇವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದ್ದವು. ಎಂಜಿನ್ನಿನ ಶಕ್ತಿ 60 ಕುದುರೆ, ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಹೂತುಕೊಂಡರೆ ಸೈನಿಕರೇ ಕೈಹಾಕಿ ಎತ್ತಿ ತಳ್ಳಬಹುದಿತ್ತು. ಟೈರಿನ ಗಟ್ಟು ಮುಂದಕ್ಕೂ ಹಿಂದಕ್ಕೂ ಒಂದೇ ಹಿಡಿತ ಕೊಡುವಂತೆ ಅಡ್ಡಡ್ಡ ಇತ್ತು. ಕೆಸರಿನಿಂದ ರಿವರ್ಸ್ ಬರಬೇಕಾದವರಿಗೆ ಅದರ ಬೆಲೆ ಗೊತ್ತು. ಒದ್ದೆ ಟಾರಿನಲ್ಲಿ ಮಾತ್ರ ಅದೇ ಗಟ್ಟು ಜಾರುತ್ತದೆ.

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಹರಾಜಿಗೆ ಬಂದವು. ಕಾಫಿ ತೋಟದವರು, ಮರದ ಕಂಟ್ರಾಕ್ಟರುಗಳು ಕೊಂಡರು. ಹಳಬರ ಬಾಯಲ್ಲಿ 'ಡಿಸ್ಪೋಸಲ್ ಜೀಪು' ಎಂಬ ಮಾತು ಇಂದಿಗೂ ಉಳಿದಿದೆ. 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಕಂಪನಿ ಹುಟ್ಟಿತು. ದೇಶ ಒಡೆದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಬಿಡಿಭಾಗ ತರಿಸಿ ವಿಲ್ಲಿಸ್ ಜೀಪು ಜೋಡಿಸುವ ಕೆಲಸ ಮುಂಬಯಿಯಲ್ಲಿ ಶುರುವಾಯಿತು.

ಹಳೇ ಜೀಪು ಕೊಳ್ಳುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಲಿ. ಸ್ವತಂತ್ರ ಭಾರತದ ಮೊದಲ ಹಗರಣ ಎಂದು ಹೆಸರಾದದ್ದು ಜೀಪ್ ಹಗರಣವೇ. 1948ರಲ್ಲಿ ಕಾಶ್ಮೀರದ ಕಾಳಗದ ವೇಳೆ, ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರ ಮೂಲಕ ರಿಪೇರಿ ಮಾಡಿದ ಹಳೇ ಜೀಪುಗಳಿಗೆ ಆರ್ಡರ್ ಹೋಯಿತು. ಬಂದದ್ದು 155. ಸೇನೆ ಪರೀಕ್ಷಿಸಿ, ಇವು ಕೆಲಸಕ್ಕೆ ಬಾರವು ಎಂದು ತಳ್ಳಿಹಾಕಿತು. ಸರ್ಕಾರ 1955ರಲ್ಲಿ ಪ್ರಕರಣ ಮುಗಿಯಿತೆಂದು ಘೋಷಿಸಿತು. ಹಳೇ ಜೀಪಿಗೆ ಹೊಸ ಬಣ್ಣ ಬಳಿದು ಮಾರುವ ವಿದ್ಯೆ ಇಂದಿನದಲ್ಲ!

ಮುಂದಿನ ಬದಲಾವಣೆ ಬಾನೆಟ್ಟಿನಲ್ಲೇ ಕಾಣುತ್ತದೆ. 1953ರಲ್ಲಿ ವಿಲ್ಲಿಸ್ ಹೆಚ್ಚು ಶಕ್ತಿಯ ಹೊಸ ಪೆಟ್ರೋಲ್ ಎಂಜಿನ್ ಕೂರಿಸಿತು. ಅದರ ಒಂದು ವಾಲ್ವು ತಲೆಯ ಮೇಲಿದ್ದುದರಿಂದ ಎಂಜಿನ್ ಎತ್ತರವಾಗಿ ಹಳೇ ಬಾನೆಟ್ಟಿನೊಳಗೆ ಹಿಡಿಸಲಿಲ್ಲ. ಆಗ ಬಾನೆಟ್ಟನ್ನೇ ಎತ್ತರಿಸಿದರು. ಸಿಜೆ 3ಬಿ ಎಂಬ ಆ 'ಎತ್ತರ ಮೂಗಿನ' ಜೀಪನ್ನೇ ಮಹೀಂದ್ರಾ ದಶಕಗಟ್ಟಲೆ ತಯಾರಿಸಿತು. ನಮ್ಮೂರುಗಳಲ್ಲಿ ಜೀಪೆಂದರೆ ಕಣ್ಣಿಗೆ ಬರುವ ಚಿತ್ರ ಅದೇ. ಕಾರ್ಖಾನೆಯವರಿಗೇ ಒಂದು ಬದಲಾವಣೆ ಇನ್ನೊಂದನ್ನು ಎಳೆದು ತಂದಿತ್ತು ಎಂಬುದನ್ನು ಗಮನಿಸಿ.

ನಂತರ ಬಂತು ಡೀಸೆಲ್. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದೆಂದರೆ ಆನೆ ಸಾಕಿದಂತೆ ಆಯಿತು. ಮಹೀಂದ್ರಾ 1963ರಿಂದಲೇ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಮಾಡುತ್ತಿತ್ತು. ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ ಜೀಪಿಗೂ ಬಂತು. 1980ರ ದಶಕದ ಎಂಎಂ 540ರಲ್ಲಿ ಫ್ರಾನ್ಸಿನ ಪೆಜೋ ಕಂಪನಿಯ ಪರವಾನಗಿಯಲ್ಲಿ ತಯಾರಾದ 2112 ಸಿಸಿ ಎಂಜಿನ್ ಇತ್ತು. ಇತ್ತ ಗ್ಯಾರೇಜುಗಳಲ್ಲಿ ಹಳೇ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವ ಕೆಲಸ ಭರದಿಂದ ನಡೆಯಿತು.

ಇದನ್ನು ನಾವು ಜೀಪಿಗೆ ಸಿಕ್ಕ ಅತ್ಯಂತ ಉಪಯುಕ್ತ ಬದಲಾವಣೆ ಎನ್ನುತ್ತೇವೆ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಬಲವಾಗಿ ಎಳೆಯುತ್ತದೆ. ಏರುದಾರಿಗೆ ಬೇಕಾದ್ದೂ ಅದೇ. ಹಾಗಂತ ಅದೇನೂ ಪುಕ್ಕಟೆ ಸಿಗಲಿಲ್ಲ. ಪೆಟ್ರೋಲ್ ಜೀಪಿನ ಎಂಜಿನ್ ಒಳಗೆಳೆದದ್ದನ್ನು ಆರೇಳು ಪಟ್ಟು ಒತ್ತಿದರೆ ಡೀಸೆಲ್ ಎಂಜಿನ್ ಗಾಳಿಯನ್ನು 20 ಪಟ್ಟಿಗೂ ಮೀರಿ ಒತ್ತಬೇಕು. ಅದನ್ನು ತಿರುಗಿಸಲು 6 ವೋಲ್ಟ್‌ನ ಹಳೇ ಬ್ಯಾಟರಿ ಸಾಲದು. 12 ವೋಲ್ಟ್ ಬೇಕು, ದೊಡ್ಡ ಸ್ಟಾರ್ಟರ್ ಬೇಕು. ಎಂಜಿನ್ ಭಾರವಾದ್ದರಿಂದ ಮುಂದಿನ ಕಮಾನು ಪ್ಲೇಟುಗಳು ಕುಸಿದವು, ಅವಕ್ಕೆ ಇನ್ನೊಂದು ಪ್ಲೇಟು ಸೇರಿಸಬೇಕಾಯಿತು. ಬ್ರೇಕನ್ನು ಮಾತ್ರ ಹೆಚ್ಚಿನವರು ಮುಟ್ಟಲಿಲ್ಲ. ಹಳ್ಳ ದಾಟಿದೊಡನೆ ನೀರು ಹೊಕ್ಕು ಹಿಡಿಯದಾಗುವ ಡ್ರಮ್ ಬ್ರೇಕು ಇಂದಿಗೂ ಎಷ್ಟೋ ಜೀಪುಗಳಲ್ಲಿ ಹಾಗೇ ಇದೆ.

2010ರಲ್ಲಿ ಥಾರ್ ಬಂತು. ಅಗಲದ ರೇಡಿಯಲ್ ಟೈರು ತೊಟ್ಟು ಕಾರ್ಖಾನೆಯಿಂದಲೇ ಹೊರಬಂದ ಜೀಪು ನೋಡಿದ ಮೇಲೆ ಹಳೇ ಜೀಪಿನ ಸಣಕಲು ಟೈರು ಯಾರಿಗೆ ಹಿಡಿಸೀತು?

ಲೆಕ್ಕ ಹಾಕಿ ನೋಡೋಣ. 6.00-16 ಟೈರಿನ ಒಟ್ಟು ಎತ್ತರ ಇಪ್ಪತ್ತೆಂಟೂವರೆ ಇಂಚಿನ ಆಸುಪಾಸು. 31 ಇಂಚಿನ ಟೈರು ಹಾಕಿದರೆ ಎರಡೂವರೆ ಇಂಚು ಹೆಚ್ಚು. ಆದರೆ ಅದರಲ್ಲಿ ಅರ್ಧ ಮಾತ್ರ ಅಚ್ಚಿನ ಕೆಳಗೆ ಬರುತ್ತದೆ. ಅಂದರೆ ಹೌಸಿಂಗ್ ನೆಲದಿಂದ ಮೇಲೇಳುವುದು ಬರೀ ಒಂದೂಕಾಲು ಇಂಚು! ಅದಕ್ಕೆ ಪ್ರತಿಯಾಗಿ, ಪ್ರತಿ ಗೇರಿನಲ್ಲೂ ಎಳೆಯುವ ಬಲ ಸುಮಾರು ನೂರಕ್ಕೆ ಎಂಟರಷ್ಟು ಕಡಿಮೆಯಾಗುತ್ತದೆ. ಮೀಟರು 40 ತೋರಿಸುವಾಗ ಗಾಡಿ 43ರ ಮೇಲೆ ಓಡುತ್ತಿರುತ್ತದೆ. ನಿಲ್ಲಿಸಲು ಬ್ರೇಕಿಗೆ ಹೆಚ್ಚು ಕೆಲಸ. ಅಗಲ ಹತ್ತು ಇಂಚು ದಾಟಿದರೆ ತಿರುವಿನಲ್ಲಿ ಟೈರು ಪ್ಲೇಟಿಗೆ ಉಜ್ಜುತ್ತದೆ. ಉಜ್ಜಬಾರದೆಂದು ಡಿಸ್ಕು ಹೊರಕ್ಕೆ ಸರಿಸಿದರೆ ಬೇರಿಂಗು, ಕಿಂಗ್‌ಪಿನ್ ಮೇಲೆ ಭಾರ ಬೀಳುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ಆಮೇಲೆ ಪವರ್ ಸ್ಟೇರಿಂಗ್, ಆಮೇಲೆ ಕ್ರೌನ್ ಪಿನಿಯನ್. ಟೈರಿನಿಂದ ಶುರುವಾದ ಖರ್ಚು ಇಡೀ ಗಾಡಿಯನ್ನು ಸುತ್ತಿ ಬರುತ್ತದೆ.

ಹಾಗಾದರೆ ಯಾವ ಟೈರು? ಉತ್ತರ ನಿಮ್ಮೂರಿನ ಮಣ್ಣಿನಲ್ಲಿದೆ. ಮಲೆನಾಡು, ಕೊಡಗಿನ ದಾರಿಗಳಲ್ಲಿ ಮೇಲೆ ಒಂದು ಗೇಣು ಕೆಸರಿದ್ದರೂ ಅಡಿಯಲ್ಲಿ ಬಹುತೇಕ ಜಂಬಿಟ್ಟಿಗೆಯೋ ಕಲ್ಲೋ ಇರುತ್ತದೆ. ಸಣಕಲು ಟೈರು ಕೆಸರನ್ನು ಸೀಳಿಕೊಂಡು ಆ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ್ದು ಕೆಸರಿನ ಮೇಲೇ ತೇಲಿ ಜಾರುತ್ತದೆ. ಜೋರು ಮಳೆಯಲ್ಲಿ ಟೈರಿಗೆ ಕಬ್ಬಿಣದ ಸರಪಳಿ ಸುತ್ತುವ ನಮ್ಮ ಚಾಲಕರ ಉಪಾಯಕ್ಕೂ ಸಣ್ಣ ಟೈರೇ ಅನುಕೂಲ, ಪಕ್ಕದಲ್ಲಿ ಜಾಗ ಉಳಿದಿರುತ್ತದೆ. ಎರೆ ಭೂಮಿಯಲ್ಲಿ, ಸಮುದ್ರ ತೀರದ ಮರಳಿನಲ್ಲಿ ಮಾತು ಬೇರೆ. ಅಲ್ಲಿ ಇಳಿದಷ್ಟೂ ಗಟ್ಟಿ ನೆಲ ಸಿಗುವುದಿಲ್ಲ. ಅಗಲದ ಟೈರಿಗೆ ಗಾಳಿ ಸ್ವಲ್ಪ ಇಳಿಸಿ ಮೇಲೆ ಮೇಲೆಯೇ ದಾಟಬೇಕು, ಟಾರು ಮುಟ್ಟಿದ ಕೂಡಲೇ ಗಾಳಿ ತುಂಬಿಸಬೇಕು. ಎರೆ ಮಣ್ಣು ಗಟ್ಟಿನ ಸಂದಿಯಲ್ಲಿ ಮೆತ್ತಿ ಟೈರನ್ನು ಲಡ್ಡು ಮಾಡುವುದರಿಂದ ಸಂದಿ ದೊಡ್ಡದಿರುವ ಬಟನ್ ಟೈರೇ ಬೇಕು. ವಾರವೆಲ್ಲ ಟಾರಿನಲ್ಲಿ ಓಡಿ ಒಂದೆರಡು ಕಿಲೋಮೀಟರ್ ಮಾತ್ರ ಮಣ್ಣಿಗಿಳಿಯುವ ಗಾಡಿಗೆ ಅಂಥದ್ದು ದಂಡ. ಬೇಗ ಸವೆಯುತ್ತದೆ, ಒದ್ದೆ ಟಾರಿನಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಎ.ಟಿ. ಎಂದು ಅಂಗಡಿಯವರು ಕೊಡುವ ನಡುವಿನ ಬಗೆ ಸಾಕು.

ರೇಡಿಯಲ್ಲೋ ಹಳೇ ನೈಲಾನೋ ಎಂಬ ಜಗಳವೂ ಇದೆ. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಮಾಡಿದ ರೇಡಿಯಲ್ ಟಾರಿನಲ್ಲಿ ನಿಸ್ಸಂಶಯವಾಗಿ ಮೇಲು. ಆದರೆ ಅದರ ಮಗ್ಗುಲು ತೆಳು. ಚೂಪುಗಲ್ಲಿನ ತೋಟದ ದಾರಿಯಲ್ಲಿ ದಪ್ಪ ಮಗ್ಗುಲಿನ ನೈಲಾನ್ ಟೈರೇ ಹೆಚ್ಚು ತಾಳುತ್ತದೆ.

ನಾಲ್ಕು ಸಾವಿರ ಉಳಿಸಲು ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಹಾಕುವವರಿದ್ದಾರೆ. ಫೋರ್‌ವೀಲ್ ಜೀಪಿಗೆ ಇದು ವಿಷ. ಫೋರ್‌ವೀಲ್ ಹಾಕಿದಾಗ ಹಳೇ ಜೀಪಿನ ಮುಂದಿನ, ಹಿಂದಿನ ಹೌಸಿಂಗುಗಳು ಬಿಗಿಯಾಗಿ ಜೊತೆಗೂಡುತ್ತವೆ. ಚಕ್ರದ ಸುತ್ತಳತೆ ಬೇರೆಯಿದ್ದರೆ ಒಂದನ್ನೊಂದು ಎಳೆದಾಡಿ ಗೇರು ಹಲ್ಲು ಮುರಿಯಬಹುದು. ಗಟ್ಟಿ ಟಾರಿನಲ್ಲಿ ಫೋರ್‌ವೀಲ್ ಹಾಕಬಾರದೆಂದು ಹಳಬರು ಹೇಳುವುದಕ್ಕೂ ಕಾರಣ ಈ ಎಳೆದಾಟವೇ.

ಕಾನೂನಿನ ಚರಿತ್ರೆಯೂ ಈಗ ಬದಲಾಗಿದೆ. 2019ರ ಜನವರಿಯಲ್ಲಿ, ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದು ಎಂದಿತು. ಅದೇ ವರ್ಷದ ಕಾಯ್ದೆ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಂಜಿನ್ ಬದಲಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಹಳೇ ಜೀಪು ಕೊಳ್ಳುವಾಗ ಟೈರಿಗಿಂತ ಮೊದಲು ಎಂಜಿನ್ ನಂಬರನ್ನು ಆರ್‌ಸಿಗೆ ತಾಳೆ ನೋಡಿ. ಅಪಘಾತವಾದ ದಿನ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ದುಡ್ಡು ಕೂಡಿದ್ದರೆ ಮೊದಲು ಬ್ರೇಕು, ಆಮೇಲೆ ಸ್ಟೇರಿಂಗಿನ ಸವೆದ ಕೀಲುಗಳು, ನಂತರ ಅದೇ ಅಳತೆಯ ಒಳ್ಳೆಯ ಟೈರು. ನಮ್ಮ ಮತ ಇದು. ಟೈರು ಕೊಳ್ಳುವಾಗ ಮಗ್ಗುಲಿನಲ್ಲಿ ಸಣ್ಣ ಚೌಕಟ್ಟಿನೊಳಗಿನ ನಾಲ್ಕು ಅಂಕಿ ಓದಿ. 2323 ಎಂದಿದ್ದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ರಬ್ಬರು ಹೊಸದರಂತೆಯೇ ಹೊಳೆಯುತ್ತದೆ. ನಾಲ್ಕರ ಜೊತೆ ಸ್ಟೆಪ್ನಿಯನ್ನೂ ಅದೇ ಅಳತೆಯದ್ದು ತೆಗೆದುಕೊಳ್ಳಿ.