ಸ್ಯಾಟಲೈಟ್ ಇಂಟರ್ನೆಟ್‌ಗೆ ಮೆಶ್ ವೈಫೈ: ಐಪಿ ಹಂಚುವ ರೌಟರ್ ಒಂದೇ ಇರಲಿ

ನಂಜನಗೂಡು/ತಿ.ನರಸೀಪುರ: ಹುಲ್ಲಹಳ್ಳಿ, ಮೂಗೂರು ಕಡೆಯ ಒಂಟಿ ತೋಟದ ಮನೆಗೆ ಫೈಬರ್ ಎಳೆಸುವುದು ಸುಲಭವಲ್ಲ. ಅಂಥ ಕಡೆಗೆ ಸ್ಯಾಟಲೈಟ್ ಇಂಟರ್ನೆಟ್ ಒಂದು ದಾರಿ. ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ನಿಮ್ಮ ವಿಳಾಸಕ್ಕೆ ಸೇವೆ ಇದೆಯೇ ಎಂದು ಕಂಪನಿ ವೆಬ್‌ಸೈಟ್‌ನಲ್ಲೇ ನೋಡಿಕೊಂಡು ಕಿಟ್ ಕೊಳ್ಳಿ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ದಪ್ಪ ಗೋಡೆ ಇದ್ದರೆ ಕಿಟ್‌ನ ಒಂದು ರೌಟರ್ ಸಾಲಲ್ಲ. ಆಗ ಮೆಶ್ ಬೇಕು. ಎಡವಟ್ಟಾಗುವುದೂ ಇಲ್ಲೇ. ಕಂಪನಿ ರೌಟರ್, ಮೆಶ್ ಎರಡೂ ಐಪಿ ವಿಳಾಸ ಹಂಚಲು ನಿಂತರೆ ‘ಡಬಲ್ ನ್ಯಾಟ್’ ಆಗುತ್ತದೆ. ಯೂಟ್ಯೂಬ್ ಓಡುತ್ತೆ, ಆದರೆ ಕಂಪನಿ ರೌಟರ್‌ನ ವೈಫೈ ಹಿಡಿದ ಮೊಬೈಲ್‌ಗೆ ಮೆಶ್‌ನಲ್ಲಿರುವ ಬಿಲ್ಲಿಂಗ್ ಪ್ರಿಂಟರ್ ಸಿಗಲ್ಲ.

ಪರಿಹಾರ ಎರಡಿವೆ, ಒಂದನ್ನು ಮಾತ್ರ ಮಾಡಿ. ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಬೈಪಾಸ್ ಮೋಡ್ ಹಾಕಿ, ಅದರ ಲ್ಯಾನ್ ಪೋರ್ಟ್‌ನಿಂದ ಮೆಶ್‌ನ ಮೊದಲ ಡಬ್ಬಕ್ಕೆ ಕೇಬಲ್ ಕೊಡುವುದು ಒಂದು. ಕಂಪನಿ ರೌಟರ್‌ನ ವೈಫೈ ಆಫ್ ಆಗುತ್ತೆ, ಗಾಬರಿ ಬೇಡ. ಆದರೆ ವಾಪಸ್ ತರಲು ಫ್ಯಾಕ್ಟರಿ ರೀಸೆಟ್ಟೇ ಗತಿ. ಇನ್ನೊಂದು, ಅದೇ ಕೇಬಲ್ ಕೊಟ್ಟು ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕುವುದು. ಹೊಸಬರಿಗೆ ಇದೇ ವಾಸಿ. ಎರಡನೇ ತಲೆಮಾರಿನ ರೌಟರ್‌ಗೆ ಲ್ಯಾನ್ ಪೋರ್ಟ್ ಇಲ್ಲ, ಅಡಾಪ್ಟರ್ ಬೇರೆ ಕೊಳ್ಳಬೇಕು.

ಹೊರಗಿನಿಂದ ಅಂಗಡಿ ಸಿಸಿಟಿವಿ ನೋಡಲು ಪೋರ್ಟ್ ಫಾರ್ವರ್ಡಿಂಗ್ ಮಾಡಿ ಕೂರಬೇಡಿ. ಸಾಮಾನ್ಯ ಮನೆ ಪ್ಲಾನ್‌ನಲ್ಲಿ ಸ್ವಂತ ಪಬ್ಲಿಕ್ ಐಪಿ ಇರಲ್ಲ. ಡಿವಿಆರ್ ಕಂಪನಿಯ ಕ್ಲೌಡ್ ಆ್ಯಪ್ ಬಳಸಿ.

ಎರಡನೇ ಡಬ್ಬವನ್ನು ಸಿಗ್ನಲ್ ಸಿಗದ ಕೋಣೆಯೊಳಗಲ್ಲ, ನಡುದಾರಿಯಲ್ಲಿ ಇಡಿ. ಡಿಶ್‌ಗೆ ತೆಂಗಿನ ಗರಿ ಅಡ್ಡ ಬಂದಿದ್ದರೆ ಮಾತ್ರ ಎಷ್ಟು ಡಬ್ಬ ಕೊಂಡರೂ ನೆಟ್ ಕಟ್ ಆಗುವುದು ನಿಲ್ಲಲ್ಲ.