ಭೀಮಾತೀರದಿಂದ ಕೇದಾರಕ್ಕೆ: ಕಲಬುರಗಿ ಸೀಮೆಯ ಹಿಮಾಲಯ ಪಾದಯಾತ್ರೆಯ ಇತಿಹಾಸಕ್ಕೆ ಒಂದು ಪೀಠಿಕೆ

೧

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಭೀಮೆಯು ಜೇವರ್ಗಿಯ ಸೀಮೆಯನ್ನು ಹಾಯ್ದು ಕೃಷ್ಣೆಯ ಕಡೆಗೆ ಸಾಗುತ್ತದೆ. ಹೀಗೆ ಒಂದೇ ನೀರಿನ ನಂಟಿಗೆ ಸೇರಿದ ಈ ಮೂರು ತಾಲ್ಲೂಕುಗಳಲ್ಲಿ ಪರ್ವತವೆಂದು ಕರೆಯತಕ್ಕುದು ಒಂದೂ ಇಲ್ಲ. ಕರಿಯ ಎರೆಭೂಮಿ, ಜೋಳ ತೊಗರಿಗಳ ಬೆಳೆ, ಬೇಸಗೆಯ ಉರಿಬಿಸಿಲು, ಇವೇ ಇಲ್ಲಿಯ ಲಕ್ಷಣಗಳು. ಕಲಬುರಗಿ ನಗರವು ಸಮುದ್ರಮಟ್ಟದಿಂದ ಸುಮಾರು ೪೫೦ ಮೀಟರು ಎತ್ತರದಲ್ಲಿದೆ. ಕೇದಾರನಾಥ ದೇವಾಲಯವಾದರೋ ೩,೫೮೩ ಮೀಟರು ಎತ್ತರದಲ್ಲಿ, ಹಿಮನದಿಯೊಂದರ ಮೂತಿಯ ಬಳಿ ನಿಂತಿದೆ. ಹಿಮವನ್ನು ಕಣ್ಣಿನಿಂದ ಕಾಣದ ಬಯಲುನಾಡಿನ ಜನರು ಅಂತಹ ಸ್ಥಳಕ್ಕೆ ದಿನಗಟ್ಟಲೆ ನಡೆದು ಹೋಗಿ ಮರಳಿ ಬರುವುದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ಭಕ್ತಿಯ ಬಲವೊಂದರಿಂದಲೇ ಬಿಡಿಸಲು ಬರುವುದಿಲ್ಲ. ಭಕ್ತಿಯು ಮನೆಯಿಂದ ಹೊರಡಿಸುತ್ತದೆ. ಆದರೆ ದಾರಿಯಲ್ಲಿ ಅನ್ನ, ಆಸರೆ, ಅರ್ಥವಾಗುವ ಮಾತು ಇವು ದೊರೆಯದಿದ್ದರೆ ಹೊರಟವನು ಗುರಿ ಮುಟ್ಟಲಾರನು. ಈ ಮೂರನ್ನು ಒದಗಿಸಿದ ಸಂಸ್ಥೆಗಳ ಸರಪಣಿಯೇ ಈ ಯಾತ್ರೆಯ ನಿಜವಾದ ಇತಿಹಾಸವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಹಿಮಾಲಯವು ಕನ್ನಡ ನಾಡಿಗೆ ಮೊದಲು ಪರಿಚಯವಾದದ್ದು ಕಾಲಿಗಲ್ಲ, ಮನಸ್ಸಿಗೆ. ಇದಕ್ಕೆ ಆಳಂದಕ್ಕೇ ಸಂಬಂಧಿಸಿದ ಒಂದು ಶಾಸನಾಧಾರವಿದೆ. ಕ್ರಿ.ಶ. ೧೨೦೦ರ ಸುಮಾರಿನ ಅಬ್ಬಲೂರಿನ ಶಾಸನವು ಆಳಂದೆಯ ಪುರುಷೋತ್ತಮಭಟ್ಟನ ಮಗನಾದ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವಾಗ ಕಥೆಯನ್ನು ಕೈಲಾಸದಿಂದ ಆರಂಭಿಸುತ್ತದೆ. ಶಿವನು ಕೈಲಾಸದಲ್ಲಿ ಒಡ್ಡೋಲಗಗೊಟ್ಟಿರುವಾಗ ಭೂಲೋಕದ ಸ್ಥಿತಿಯನ್ನು ನಾರದನು ಅರುಹುತ್ತಾನೆ. ಅದರ ಫಲವಾಗಿ ರಾಮಯ್ಯನ ಜನನವಾಗುತ್ತದೆ. ಇಲ್ಲಿ ಹಿಮಗಿರಿಯು ಆಳಂದೆಯವರು ಏರಿದ ಶಿಖರವಲ್ಲ. ಆಳಂದೆಗೆ ಅಪ್ಪಣೆ ಇಳಿದು ಬರುವ ಸ್ಥಾನ.

ಎರಡನೆಯ ಘಟ್ಟದಲ್ಲಿ ಕನ್ನಡಿಗರು ಕೇದಾರವನ್ನು ತಮ್ಮ ನಾಡಿಗೇ ತಂದುಕೊಂಡರು. ಬಳ್ಳಿಗಾವೆಯ ಕೇದಾರೇಶ್ವರನು ಶಾಸನಗಳಲ್ಲಿ ದಕ್ಷಿಣ ಕೇದಾರನೆನಿಸಿದ್ದಾನೆ. ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಆ ಮಠದ ವಿದ್ಯಾಭ್ಯಾಸದೊಡನೆ ದೀನರು, ಅನಾಥರು, ಕುರುಡರು ಮತ್ತು ದೇಶಾಂತರದಿಂದ ಬಂದ ಭಿಕ್ಷುಗಳಿಗೆ ನಡೆಯುತ್ತಿದ್ದ ಅನ್ನದಾನವನ್ನೂ ರೋಗಿಗಳ ಶುಶ್ರೂಷೆಯನ್ನೂ ವಿಶೇಷವಾಗಿ ಹೇಳುತ್ತದೆ. ಯಾತ್ರಿಕನನ್ನು ಸಲಹುವುದು ಮಠದ ಧರ್ಮವೆಂಬ ಭಾವನೆಯು ಈ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೇ ನೆಲೆಗೊಂಡಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಹಿಮಾಲಯದ ಕಡೆಯಿಂದ ಈ ಕಡೆಗೆ ಬಂದವರೂ ಇದ್ದರು. ಆಳಂದಕ್ಕೆ ಸಮೀಪದ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿಯಾಗಿದ್ದ ಬಿಲ್ಹಣನು ಕಾಶ್ಮೀರದವನು. ತಾನು ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳ ಮಾರ್ಗವಾಗಿ ಸಂಚರಿಸಿ ದಕ್ಷಿಣಕ್ಕೆ ಬಂದ ಬಗೆಯನ್ನು ಅವನು ವಿಕ್ರಮಾಂಕದೇವಚರಿತದ ಹದಿನೆಂಟನೆಯ ಸರ್ಗದಲ್ಲಿ ಹೇಳಿಕೊಂಡಿದ್ದಾನೆ. ವಿದ್ವಾಂಸನಿಗೆ ರಾಜಾಶ್ರಯವೇ ದಾರಿಯ ಬುತ್ತಿ. ಸಾಮಾನ್ಯ ಯಾತ್ರಿಕನಿಗೆ ಆ ಅನುಕೂಲವಿರಲಿಲ್ಲ.

೩

ಕಾಲ್ನಡಿಗೆಯ ಯಾತ್ರೆಯ ಮೊದಲ ಸ್ಪಷ್ಟ ಸ್ಮರಣೆಯು ಅಫಜಲಪುರ ತಾಲ್ಲೂಕಿಗೆ ಸೇರಿದ್ದು. ಗಾಣಗಾಪುರದಲ್ಲಿ ನೆಲೆಸಿದ ಶ್ರೀ ನೃಸಿಂಹ ಸರಸ್ವತಿಗಳು ಕಾಶಿಯಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, ಶಿಷ್ಯರೊಡನೆ ಬದರಿಯ ಕಡೆಗೆ ಸಂಚರಿಸಿ, ಅನಂತರ ದಕ್ಷಿಣಕ್ಕೆ ಮರಳಿದರೆಂದು ಸರಸ್ವತೀ ಗಂಗಾಧರನ ಮರಾಠಿ ಗುರುಚರಿತ್ರೆಯು ಹೇಳುತ್ತದೆ. ಗುರುಚರಿತ್ರೆಯು ಭಕ್ತಿಗ್ರಂಥ, ಅದನ್ನು ದಿನಚರಿಯಂತೆ ಓದಲಾಗದು. ಆದರೂ ಕಾಶಿಯನ್ನು ಮುಟ್ಟಿ, ಅಲ್ಲಿಂದ ಹಿಮಾಲಯವನ್ನೇರುವ ಕ್ರಮವು ದಕ್ಷಿಣದವರಿಗೆ ಸಹಜವೆಂದು ಆ ಗ್ರಂಥಕಾರನು ಭಾವಿಸಿದ್ದನೆಂಬುದಕ್ಕೆ ಇದು ಸಾಕ್ಷಿ.

ಈ ಮಾರ್ಗದಲ್ಲಿ ಕನ್ನಡಿಗರಿಗೆ ಆಧಾರಸ್ತಂಭವಾಗಿ ನಿಂತವರು ವೀರಶೈವ ಜಂಗಮರು. ಕೇದಾರನಾಥದ ಮುಖ್ಯಸ್ಥರಾದ ರಾವಲರು ಪರಂಪರೆಯಿಂದ ದಕ್ಷಿಣದ, ಮುಖ್ಯವಾಗಿ ಕರ್ನಾಟಕದ, ವೀರಶೈವ ಜಂಗಮ ಕುಲದವರು. ಅವರ ಪೀಠವು ಪಂಚಪೀಠಗಳಲ್ಲೊಂದು. ಅದರ ನೆಲೆ ಉಖೀಮಠ. ದೇವಾಲಯದ ನಿತ್ಯಪೂಜೆಯನ್ನು ರಾವಲರ ಅಪ್ಪಣೆಯಂತೆ ಅವರ ಅಧೀನದ ಅರ್ಚಕರು ನೆರವೇರಿಸುತ್ತಾರೆ. ೧೮೮೨ರಿಂದ ೧೮೮೬ರವರೆಗೆ ಪ್ರಕಟವಾದ ಅಟ್‌ಕಿನ್‌ಸನ್ನನ ಹಿಮಾಲಯ ಗೆಜೆಟಿಯರಿನಲ್ಲಿಯೂ ಕೇದಾರದ ಅರ್ಚಕರು ದಕ್ಷಿಣದಿಂದ ಬಂದ ಜಂಗಮರೆಂಬ ಉಲ್ಲೇಖವಿದೆ.

ಈ ಸಂಬಂಧದ ಪ್ರಾಚೀನತೆಯನ್ನು ಕುರಿತು ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಜನಮೇಜಯ ಮಹಾರಾಜನು ಆನಂದಲಿಂಗ ಜಂಗಮನಿಗೆ ಭೂದಾನ ಮಾಡಿದನೆಂದು ಹೇಳುವ ತಾಮ್ರಪಟವೊಂದು ಉಖೀಮಠದ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಮಹಾಭಾರತದ ಅರಸನ ಹೆಸರಿನಲ್ಲಿರುವ ದಾನಪತ್ರವನ್ನು ಅವನ ಕಾಲದ್ದೆಂದು ಇತಿಹಾಸಕಾರನು ಒಪ್ಪಲಾರನು. ಹಾಗೆಂದು ಅದನ್ನು ಮೂಲೆಗೆ ಎಸೆಯುವುದೂ ತರವಲ್ಲ. ದೂರದ ನಾಡಿನಿಂದ ಬಂದ ಗುರುಪರಂಪರೆಯೊಂದು ಪರ್ವತದ ನೆಲದಲ್ಲಿ ತನ್ನ ಹಕ್ಕನ್ನು ಉಳಿಸಿಕೊಳ್ಳಲು ಎಂತಹ ಪ್ರಮಾಣವನ್ನು ಅವಶ್ಯವೆಂದೆಣಿಸಿತೆಂಬುದನ್ನು ಅದು ತಿಳಿಸುತ್ತದೆ. ಇದಕ್ಕಿಂತ ಗಟ್ಟಿಯಾದ ಆಧಾರಗಳು ಕಾಶಿಯ ಜಂಗಮವಾಡಿ ಮಠದಲ್ಲಿವೆ. ಅಕ್ಬರನಿಂದ ಔರಂಗಜೇಬನವರೆಗಿನ ಮೊಗಲ ಬಾದಶಹರು ಜಂಗಮರ ಭೂಮಿಯನ್ನು ಕುರಿತು ಹೊರಡಿಸಿದ ಫರ್ಮಾನುಗಳು ಅಲ್ಲಿ ಉಳಿದುಬಂದಿವೆ. ಆದುದರಿಂದ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕಾಶಿಯಲ್ಲಿ ಜಂಗಮರ ಸ್ಥಿರವಾದ ನೆಲೆಯಿದ್ದುದು ನಿಸ್ಸಂದೇಹ. ಭೀಮಾತೀರದಿಂದ ಹೊರಟ ಯಾತ್ರಿಕನು ಕಾಶಿಯಲ್ಲಿ ತನ್ನ ಮಾತನ್ನು ಬಲ್ಲ ಮಠದಲ್ಲಿ ತಂಗಿ, ಹಿಮಾಲಯದ ಮಡಿಲಿನ ಉಖೀಮಠದಲ್ಲಿ ಮತ್ತೆ ತನ್ನ ನಾಡಿನ ಗುರುಗಳನ್ನು ಕಾಣಬಹುದಾಗಿತ್ತು. ಸರಪಣಿಯ ಎರಡು ದೊಡ್ಡ ಕೊಂಡಿಗಳು ಇವೇ.

೪

ಇನ್ನು ದಾರಿಯ ವಿಚಾರ. ಕಲಬುರಗಿಯಿಂದ ಹರಿದ್ವಾರಕ್ಕೆ ೧,೫೦೦ ಕಿಲೋಮೀಟರಿಗೂ ಮಿಕ್ಕಿದ ಅಂತರವಿದೆ. ದಿನಕ್ಕೆ ೧೫ ಕಿಲೋಮೀಟರಿನಂತೆ ನಡೆದರೆ ಹೋಗುವುದಕ್ಕೇ ನೂರು ದಿನಗಳು ಸಾಲವು. ಕೇದಾರದ ಬಾಗಿಲು ವೈಶಾಖದ ಹೊತ್ತಿಗೆ ತೆರೆದು ಕಾರ್ತಿಕದ ಯಮದ್ವಿತೀಯೆಗೆ ಮುಚ್ಚುತ್ತದೆ. ನಮ್ಮ ಸೀಮೆಯ ಒಕ್ಕಲಿಗನಿಗೆ ಹಿಂಗಾರಿ ಜೋಳದ ರಾಶಿ ಮುಗಿಯುವುದು ಯುಗಾದಿಯ ಆಸುಪಾಸಿನಲ್ಲಿ. ಮೃಗಶಿರಾ ಮಳೆಗೆ ಅವನು ಮತ್ತೆ ಹೊಲದಲ್ಲಿರಬೇಕು. ಈ ಎರಡು ಪಂಚಾಂಗಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ, ರೈಲು ಬರುವ ಮೊದಲು ದುಡಿಯುವ ವಯಸ್ಸಿನ ರೈತನಿಗೆ ಈ ಯಾತ್ರೆಯು ಅಸಾಧ್ಯವೇ ಆಗಿತ್ತೆಂಬುದು ಸ್ಪಷ್ಟವಾಗುತ್ತದೆ. ಹೋಗಬಹುದಾಗಿದ್ದವರು ಜಂಗಮರು, ಸಂನ್ಯಾಸಿಗಳು ಮತ್ತು ಮಕ್ಕಳಿಗೆ ಮನೆಯ ಭಾರವನ್ನೊಪ್ಪಿಸಿದ ವೃದ್ಧರು.

೧೮೭೧ರಲ್ಲಿ ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೂಲಕ ರಾಯಚೂರಿನವರೆಗೆ ರೈಲು ಮಾರ್ಗವು ಪೂರ್ಣಗೊಂಡಿತು. ೧೮೮೬ರಲ್ಲಿ ಹರಿದ್ವಾರಕ್ಕೆ ರೈಲು ಬಂದಿತು. ಈ ಎರಡು ವರ್ಷಗಳು ನಮ್ಮ ವಿಷಯದಲ್ಲಿ ಯಾವ ರಾಜವಂಶದ ಕಾಲಗಣನೆಗಿಂತಲೂ ಮುಖ್ಯವಾದವು. ಬಯಲಿನ ನಡಿಗೆ ತಪ್ಪಿತು. ಉಳಿದದ್ದು ಬೆಟ್ಟದ ನಡಿಗೆ ಮಾತ್ರ. ಹೃಷೀಕೇಶದಿಂದ ಕೇದಾರಕ್ಕೆ ಸುಮಾರು ಎರಡು ವಾರ, ಅಲ್ಲಿಂದ ಬದರಿಗೆ ಮತ್ತೆ ಒಂದು ವಾರಕ್ಕೂ ಮೇಲೆ.

ಈ ದಾರಿಯಲ್ಲಿ ಮೊದಲು ಎದುರಾಗುತ್ತಿದ್ದುದು ಲಕ್ಷ್ಮಣ ಝೂಲಾ. ಹಿಂದೆ ಅಲ್ಲಿದ್ದುದು ಹಗ್ಗದ ತೂಗುಸೇತುವೆ. ೧೮೮೯ರಲ್ಲಿ ಕಬ್ಬಿಣದ ಹಗ್ಗಗಳ ಸೇತುವೆಯಾಯಿತು. ೧೯೨೪ರ ಪ್ರವಾಹದಲ್ಲಿ ಅದು ಕೊಚ್ಚಿಹೋಗಿ, ೧೯೩೦ರಲ್ಲಿ ಹೊಸ ಸೇತುವೆ ತೆರೆಯಿತು. ಮುಂದೆ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ. ಅಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ದಂಡೆಯನ್ನು ಹಿಡಿದು ಗುಪ್ತಕಾಶಿ, ಗೌರೀಕುಂಡ. ಕೆಲವು ಕಿಲೋಮೀಟರಿಗೊಂದರಂತೆ ಚಟ್ಟಿಗಳೆಂಬ ತಂಗುದಾಣಗಳಿದ್ದವು. ಚಟ್ಟಿಯ ಅಂಗಡಿಯವನಲ್ಲಿ ಹಿಟ್ಟು, ಅಕ್ಕಿ, ಬೇಳೆ, ತುಪ್ಪಗಳನ್ನು ಕೊಂಡವರಿಗೆ ಅಡಿಗೆಯ ಪಾತ್ರೆಯೂ ಮಲಗಲು ಸ್ಥಳವೂ ಬಾಡಿಗೆಯಿಲ್ಲದೆ ದೊರೆಯುತ್ತಿದ್ದವು. ಹೀಗಾಗಿ ಯಾತ್ರಿಕನು ಕಂಬಳಿಯೊಂದನ್ನು ಹೊತ್ತರೆ ಸಾಕಾಗುತ್ತಿತ್ತು. ನಡೆಯಲಾರದವರನ್ನು ಹೊರೆಯಾಳುಗಳು ಬೆನ್ನಿನ ಮೇಲಿನ ಕಂಡಿಯೆಂಬ ಬುಟ್ಟಿಯಲ್ಲಿ ಕೂರಿಸಿ ಒಯ್ಯುತ್ತಿದ್ದರು. ಹಣವಿಲ್ಲದವರಿಗೆ ಕಾಲೀ ಕಂಬಳಿವಾಲಾ ಬಾಬಾ ಎಂದು ಪ್ರಸಿದ್ಧರಾದ ಸ್ವಾಮಿ ವಿಶುದ್ಧಾನಂದರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಏರ್ಪಡಿಸಿದ ಅನ್ನಕ್ಷೇತ್ರಗಳೂ ಧರ್ಮಶಾಲೆಗಳೂ ಇದ್ದವು. ಅದಕ್ಕೂ ಮೊದಲು ಸದಾವ್ರತಕ್ಕೆಂದು ಬಿಟ್ಟ ಗ್ರಾಮಗಳ ಆದಾಯವಿತ್ತು. ಕುಮಾವೂನಿನ ಕಮಿಷನರನಾಗಿದ್ದ ಟ್ರೇಲ್ ಎಂಬುವನು ಆ ಹಣದಿಂದ ಯಾತ್ರಾಮಾರ್ಗವನ್ನು ಕಟ್ಟಿಸಿದನು.

ಈ ಏರ್ಪಾಡು ನಮ್ಮ ಸೀಮೆಯವರಿಗೆ ಅಪರಿಚಿತವಾಗಿ ಕಂಡಿರಲಾರದು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ದಾಸೋಹವನ್ನೇ ತಮ್ಮ ಬದುಕಿನ ಕಾಯಕವನ್ನಾಗಿ ಮಾಡಿಕೊಂಡವರು. ಅಂತಹ ಅಂಗಳದಲ್ಲಿ ಉಂಡು ಬೆಳೆದವನು ಗಢವಾಲದ ಅನ್ನಕ್ಷೇತ್ರದ ಮುಂದೆ ಕೈಯೊಡ್ಡುವಾಗ ನಾಚಬೇಕಾಗಿರಲಿಲ್ಲ.

ದಾರಿಯ ಅಪಾಯಗಳೂ ಕಡಿಮೆಯಿರಲಿಲ್ಲ. ೧೯೧೮ರಿಂದ ೧೯೨೬ರವರೆಗೆ ರುದ್ರಪ್ರಯಾಗದ ನರಭಕ್ಷಕ ಚಿರತೆಯು ಸರಕಾರಿ ಲೆಕ್ಕದಂತೆ ೧೨೫ ಜನರನ್ನು ಕೊಂದಿತು. ಜಿಮ್ ಕಾರ್ಬೆಟ್ ಅದನ್ನು ಕೊಲ್ಲುವವರೆಗೆ ಯಾತ್ರಿಕರು ಕತ್ತಲಾದ ಮೇಲೆ ಚಟ್ಟಿಯಿಂದ ಹೊರಗೆ ಕಾಲಿಡಲು ಅಂಜುತ್ತಿದ್ದರು.

೫

ಯಾತ್ರೆಯ ಕಠಿನ ಭಾಗವು ಕೇದಾರದಿಂದ ಬದರಿಗೆ ದಾಟುವುದು. ನಕಾಶೆಯಲ್ಲಿ ಇವೆರಡೂ ಹತ್ತಿರದಲ್ಲಿವೆ. ನಡುವೆ ಹಿಮಶಿಖರಗಳ ಗೋಡೆಯಿದೆ. ಆದುದರಿಂದ ಯಾತ್ರಿಕರು ಗುಪ್ತಕಾಶಿಯ ಕಡೆಗೆ ಹಿಂದಿರುಗಿ, ಮಂದಾಕಿನಿಯನ್ನು ದಾಟಿ ಉಖೀಮಠಕ್ಕೆ ಏರಿ, ಚೋಪ್ತಾದ ಎತ್ತರದ ಏಣನ್ನು ಹಾಯ್ದು, ಮಂಡಲ, ಗೋಪೇಶ್ವರಗಳ ಮಾರ್ಗವಾಗಿ ಚಮೋಲಿಗೆ ಇಳಿದು ಮತ್ತೆ ಅಲಕನಂದೆಯನ್ನು ಸೇರುತ್ತಿದ್ದರು. ಚೋಪ್ತಾದ ಮೇಲೆ ಸುಮಾರು ೩,೬೮೦ ಮೀಟರು ಎತ್ತರದಲ್ಲಿ ತುಂಗನಾಥವಿದೆ. ಅದು ಕೇದಾರಕ್ಕಿಂತಲೂ ಎತ್ತರವಾದುದು.

ಹಿಂದೆ ಒಬ್ಬನೇ ಅರ್ಚಕನು ಒಂದೇ ದಿನದಲ್ಲಿ ಎರಡೂ ದೇವಾಲಯಗಳಲ್ಲಿ ಪೂಜೆ ಸಲ್ಲಿಸುತ್ತಿದ್ದನೆಂಬ ಐತಿಹ್ಯವು ಗಢವಾಲದಲ್ಲಿದೆ. ೧೯೩೪ರಲ್ಲಿ ಶಿಪ್ಟನ್ ಮತ್ತು ಟಿಲ್ಮನ್ ಎಂಬ ಆಂಗ್ಲ ಪರ್ವತಾರೋಹಿಗಳು ಬದರಿಯ ಕಡೆಯಿಂದ ಜಲವಿಭಾಜಕವನ್ನು ನೇರವಾಗಿ ದಾಟಿದರು. ದಿನಗಟ್ಟಲೆ ಮಳೆಯ ಕಾಡಿನಲ್ಲಿ ತೊಳಲಿ, ಆಹಾರ ಮುಗಿದು, ಎಳೆಬಿದಿರಿನ ಮೊಳಕೆಯನ್ನು ತಿಂದು ಅವರು ಕೇದಾರದ ಕಡೆಯ ಕಣಿವೆಯನ್ನು ಮುಟ್ಟಿದರು. ಪಳಗಿದ ಆರೋಹಿಗಳಿಗೇ ಹೀಗಾದ ಮೇಲೆ ಒಂದೇ ದಿನದ ಪೂಜೆಯ ಮಾತು ನಿಲ್ಲದು. ಆಡಳಿತದ ಸಾಕ್ಷ್ಯವೂ ಇದಕ್ಕೆ ವಿರುದ್ಧವಾಗಿಯೇ ಇದೆ. ಬದರಿಯ ರಾವಲರು ಕೇರಳದ ನಂಬೂದಿರಿಗಳು. ಕೇದಾರದ ರಾವಲರು ವೀರಶೈವ ಜಂಗಮರು. ಎರಡು ಬೇರೆ ನಾಡುಗಳ, ಎರಡು ಬೇರೆ ಸಂಪ್ರದಾಯಗಳ ಈ ಅಧಿಕಾರಗಳು ಒಂದೇ ಕೈಯಲ್ಲಿದ್ದುವೆಂದು ನಂಬುವುದು ಕಷ್ಟ.

ಕಾಲ್ನಡಿಗೆಯ ಕ್ರಮವು ಈಗಲೂ ಜೀವಂತವಾಗಿರುವುದು ದೇವರ ಪಯಣದಲ್ಲಿ. ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಉಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಗೊತ್ತುಪಡಿಸುತ್ತಾರೆ. ಆ ಮೇಲೆ ಪಂಚಮುಖಿ ಉತ್ಸವಮೂರ್ತಿಯ ಡೋಲಿಯು ಗುಪ್ತಕಾಶಿ, ಫಾಟಾ, ಗೌರೀಕುಂಡಗಳಲ್ಲಿ ತಂಗುತ್ತ ಹೊತ್ತವರ ಹೆಗಲ ಮೇಲೆ ಕೇದಾರಕ್ಕೆ ಏರುತ್ತದೆ; ಚಳಿಗಾಲಕ್ಕೆ ಹಾಗೆಯೇ ಇಳಿದು ಬರುತ್ತದೆ.

೬

೧೯೬೨ರ ಚೀನಾ ಯುದ್ಧದ ಅನಂತರ ಗಢವಾಲದಲ್ಲಿ ಮೋಟಾರು ರಸ್ತೆಗಳು ವೇಗವಾಗಿ ಬೆಳೆದವು. ಚಟ್ಟಿಗಳು ಒಂದೊಂದಾಗಿ ಬರಿದಾದವು. ಉಳಿದ ನಡಿಗೆಯು ಗೌರೀಕುಂಡದಿಂದ ಕೇದಾರದವರೆಗಿನ ೧೪ ಕಿಲೋಮೀಟರಿಗೆ ಇಳಿಯಿತು. ೨೦೧೩ರ ಜೂನ್ ೧೬ ಮತ್ತು ೧೭ರಂದು ಚೋರಾಬಾರಿ ಸರೋವರವು ಒಡೆದು ಬಂದ ಪ್ರವಾಹದಲ್ಲಿ ಆ ದಾರಿಯ ನಡುವಿನ ರಾಮಬಾಡಾ ಎಂಬ ನೆಲೆಯು ಅಳಿದುಹೋಯಿತು. ದೇವಾಲಯ ನಿಂತಿತು; ಅದಕ್ಕೆ ಹೋಗುತ್ತಿದ್ದ ಹಳೆಯ ದಾರಿಯ ಬಹುಭಾಗವು ನಿಲ್ಲಲಿಲ್ಲ. ಹೊಸ ದಾರಿಯನ್ನು ನದಿಯ ಎದುರು ದಂಡೆಯಲ್ಲಿ ಮಾಡಲಾಯಿತು.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಕಲ್ಲಿನ ಗುಡಿಗೆ ಶಾಸನವಿರುತ್ತದೆ, ದಾರಿಗೆ ಇರುವುದಿಲ್ಲ. ದಾರಿಯ ದಾಖಲೆಯಿರುವುದು ನಡೆದವರ ಬಾಯಲ್ಲಿ, ಮನೆಯ ಜಗಲಿಯ ಮೇಲೆ, ಪಂಡರ ವಹಿಗಳಲ್ಲಿ. ರಸ್ತೆ ಬರುವ ಮೊದಲು ನಡೆದು ಹೋಗಿಬಂದವರು ಈಗ ಎಂಬತ್ತು, ತೊಂಬತ್ತರ ಆಚೆಯವರು. ಈ ಮೂರು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ಅಂತಹ ಹಿರಿಯರನ್ನೂ ಅವರ ಮಕ್ಕಳನ್ನೂ ಕಂಡು, ಯಾವ ತಿಂಗಳಲ್ಲಿ ಹೊರಟರು, ಯಾರ ಜೊತೆಗೂಡಿದರು, ಎಲ್ಲೆಲ್ಲಿ ತಂಗಿದರು, ಎಷ್ಟು ಖರ್ಚಾಯಿತು, ಮರಳಿ ಬಂದ ಮೇಲೆ ಗಂಗಾಪೂಜೆಗೆ ಯಾರನ್ನು ಕರೆದರು ಎಂಬುದನ್ನು ಬರೆದುಕೊಳ್ಳಬೇಕು. ದೇವರ ಮನೆಯಲ್ಲಿ ಬಾಯಿ ಮುಚ್ಚಿಟ್ಟ ಗಂಗಾಜಲದ ತಾಮ್ರದ ಗಿಂಡಿಯೂ ಒಂದು ದಾಖಲೆಯೇ. ಅದು ಬಂದ ವರ್ಷವನ್ನು ಕೇಳಬೇಕು. ಹರಿದ್ವಾರದ ಪಂಡರು ತಲೆಮಾರುಗಳಿಂದ ಯಾತ್ರಿಕರ ಊರು, ಮನೆತನ, ಹೆಸರುಗಳನ್ನು ವಹಿಗಳಲ್ಲಿ ಬರೆಯಿಸಿಟ್ಟಿದ್ದಾರೆ. ಆ ವಹಿಗಳ ಸೂಕ್ಷ್ಮಚಿತ್ರಗಳನ್ನು ತೆಗೆಯುವ ಕಾರ್ಯವು ೧೯೭೦ರ ದಶಕದಲ್ಲಿಯೇ ಮೊದಲಾಯಿತು. ಅವುಗಳಲ್ಲಿ ಕಲಬುರಗಿ ಸೀಮೆಯ ಊರುಗಳನ್ನು ಹುಡುಕುವುದು ಸ್ನಾತಕೋತ್ತರ ಪ್ರಬಂಧಕ್ಕೆ ತಕ್ಕ ವಿಷಯ.

ಆಳಂದೆಯ ರಾಮಯ್ಯನ ಕಥೆಯನ್ನು ಕೆತ್ತಿಸಲು ಒಬ್ಬ ಶಿಲ್ಪಿಯಿದ್ದನು. ಗಾಣಗಾಪುರದ ಗುರುವಿನ ಸಂಚಾರವನ್ನು ಹೇಳಲು ಒಬ್ಬ ಗ್ರಂಥಕಾರನಿದ್ದನು. ಕಂಬಳಿ ಹೊತ್ತು ನಡೆದು, ಕೇದಾರವನ್ನು ಕಂಡು, ಮೃಗಶಿರಾ ಮಳೆಗೆ ಹೊಲಕ್ಕೆ ಮರಳಿದ ಜೇವರ್ಗಿಯ ಒಕ್ಕಲಿಗನಿಗೆ ಅವರಲ್ಲಿ ಯಾರೂ ಇರಲಿಲ್ಲ. ಆ ಕೆಲಸವು ನಮ್ಮ ವಿಭಾಗಗಳಿಗೆ ಉಳಿದಿದೆ.